ಜಾವಾ 250ರ ಇಗ್ನಿಷನ್ ಟೈಮಿಂಗ್
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ 250 ಎರಡು-ಸ್ಟ್ರೋಕ್ ಬೈಕಿನಲ್ಲಿ, ಪಿಸ್ಟನ್ ಮೇಲಿನ ತುದಿಯನ್ನು ತಲುಪಲು ಸುಮಾರು 3 ಮಿ.ಮೀ. ಇರುವಾಗಲೇ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಬೇಕು. ಈ ಹೊಂದಾಣಿಕೆಯೇ ಇಗ್ನಿಷನ್ ಟೈಮಿಂಗ್.

ಪಾಯಿಂಟುಗಳು ಬೇರ್ಪಡುವ ಕ್ಷಣದಲ್ಲಿ ಕಿಡಿ ಹುಟ್ಟುತ್ತದೆ. ಅವುಗಳ ಗರಿಷ್ಠ ಅಂತರವನ್ನು ಮೊದಲೇ ಫೀಲರ್ ಗೇಜಿನಿಂದ ಸುಮಾರು 0.4 ಮಿ.ಮೀ.ಗೆ ಸರಿಪಡಿಸಬೇಕು; ಆಮೇಲೆ ಅಂತರ ಬದಲಿಸಿದರೆ ಟೈಮಿಂಗ್ ಕೆಡುತ್ತದೆ. ಅನಂತರ ಪ್ಲಗ್ಗಿನ ರಂಧ್ರದಲ್ಲಿ ಡಯಲ್ ಗೇಜ್ ಇರಿಸಿ, ಮೇಲೇರುತ್ತಿರುವ ಪಿಸ್ಟನ್ನನ್ನು ಆ ಅಳತೆಯಲ್ಲಿ ನಿಲ್ಲಿಸಲಾಗುತ್ತದೆ. ಪಾಯಿಂಟುಗಳ ನಡುವೆ ಸಿಗರೇಟಿನ ತೆಳು ಕಾಗದವನ್ನಿಟ್ಟು ಬ್ರೇಕರ್ ತಟ್ಟೆಯನ್ನು ತಿರುಗಿಸುತ್ತಾ, ಕಾಗದ ಸಡಿಲಗೊಳ್ಳುವಲ್ಲಿ ಸ್ಕ್ರೂ ಬಿಗಿಯಲಾಗುತ್ತದೆ.

ಕಿಡಿ ತಡವಾದರೆ ಶಕ್ತಿ ಕುಗ್ಗುತ್ತದೆ. ಬೇಗನಾದರೆ ಹಾನಿ ಹೆಚ್ಚು: ಕಿಕ್ಕರ್ ಕಾಲಿಗೆ ತಿರುಗಿ ಹೊಡೆಯುತ್ತದೆ, ಹಾಗೆಯೇ ಓಡಿಸಿದರೆ ಪಿಸ್ಟನ್ನಿನ ತಲೆ ತೂತಾಗಬಹುದು.