ಕಿರಣಚಿಕಿತ್ಸೆಯಲ್ಲಿ ಮಾತ್ರಾವಿಚಾರ

ಮಾತ್ರೆಯೆಂಬ ಶಬ್ದಕ್ಕೆ ನಮ್ಮಲ್ಲಿ ಮೂರು ಅರ್ಥಗಳುಂಟು. ಛಂದಶ್ಶಾಸ್ತ್ರದಲ್ಲಿ ಅದು ಉಚ್ಚಾರಣಕಾಲದ ಅಳತೆ. ವೈದ್ಯಶಾಸ್ತ್ರದಲ್ಲಿ ಔಷಧದ ಪ್ರಮಾಣ. ಮನೆಮಾತಿನಲ್ಲಿ ಗುಳಿಗೆಯೇ ಮಾತ್ರೆ. ಅಳತೆಯ ಹೆಸರೇ ಔಷಧಕ್ಕೂ ಹೆಸರಾಗಿ ನಿಂತುದು ಯೋಚಿಸತಕ್ಕ ವಿಷಯವು. ಚೂರ್ಣವನ್ನು ತಕ್ಕಡಿಯಲ್ಲಿ ತೂಗಬಹುದು. ಕಷಾಯವನ್ನು ಬಟ್ಟಲಿನಿಂದ ಅಳೆಯಬಹುದು. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಕ್ಕದ, ಮೈಗೆ ಬಿಸಿಯೆಂದೂ ತೋರದ ಕಿರಣವನ್ನೇ ಔಷಧವಾಗಿ ಕೊಡಬೇಕಾದಾಗ ಅದರ ಮಾತ್ರೆಯನ್ನು ಗೊತ್ತುಮಾಡುವುದು ಹೇಗೆ? ಈ ಪ್ರಶ್ನೆಗೆ ಸಮರ್ಪಕವಾದ ಉತ್ತರವು ದೊರೆಯಲು ಮೂವತ್ತಕ್ಕೂ ಮಿಗಿಲಾದ ವರ್ಷಗಳು ಹಿಡಿದವು; ಅನೇಕರ ಪ್ರಾಣಗಳೂ ಹೋದವು. ಆ ವೃತ್ತಾಂತವನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ರಂಟ್ಜನ್ ಎಂಬ ಆಚಾರ್ಯನು ಕ್ಷ-ಕಿರಣಗಳನ್ನು ಕಂಡುಹಿಡಿದುದು 1895ನೆಯ ನವೆಂಬರ್ 8ರಂದು. ಮರುವರ್ಷವೇ ವಿಯೆನ್ನಾದ ಲಿಯೊಪೋಲ್ಡ್ ಫ್ರಾಯಿಂಡ್ ಎಂಬ ವೈದ್ಯನು, ಬೆನ್ನಿನ ಮೇಲೆ ರೋಮದಿಂದ ಕೂಡಿದ ದೊಡ್ಡ ಮಚ್ಚೆಯಿದ್ದ ಒಬ್ಬ ಬಾಲಿಕೆಗೆ ಆ ಕಿರಣಗಳಿಂದ ಚಿಕಿತ್ಸೆ ಮಾಡಿದನು. ಕೂದಲೇನೋ ಉದುರಿತು, ಆದರೆ ಅಲ್ಲಿಯೇ ಮಾಯಲೊಲ್ಲದ ಹುಣ್ಣೂ ಆಯಿತು. ಗುಣವೂ ದೋಷವೂ ಒಂದೇ ಪ್ರಯೋಗದಲ್ಲಿ ಪ್ರಕಟವಾದವು. 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡುಹಿಡಿದರು. 1901ರಲ್ಲಿ ಬೆಕೆರೆಲ್ ಎಂಬ ವಿಜ್ಞಾನಿಯು ರೇಡಿಯಮ್ಮಿನ ಸಣ್ಣ ನಳಿಕೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದು, ಕೆಲವು ದಿನಗಳ ಮೇಲೆ ಆ ಸ್ಥಳದಲ್ಲಿ ಚರ್ಮವು ಸುಟ್ಟಿರುವುದನ್ನು ಕಂಡನು. ಪಿಯೆರ್ ಕ್ಯೂರಿಯು ಬುದ್ಧಿಪೂರ್ವಕವಾಗಿಯೇ ತನ್ನ ತೋಳಿಗೆ ರೇಡಿಯಮ್ಮನ್ನು ತಗುಲಿಸಿ ಪರೀಕ್ಷಿಸಿದನು. ಆರೋಗ್ಯವಾದ ಚರ್ಮವನ್ನು ಕೆಡಿಸಬಲ್ಲುದು ದುರ್ಮಾಂಸವನ್ನೂ ಕೆಡಿಸಬಲ್ಲುದೆಂದು ವೈದ್ಯರು ಊಹಿಸಿದರು. ಆ ಊಹೆಯು ಸರಿಯಾಗಿತ್ತು. ಎಷ್ಟು ಕೊಡಬೇಕೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಮೊದಮೊದಲು ವೈದ್ಯರು ಚರ್ಮವನ್ನೇ ಅಳತೆಗೋಲಾಗಿ ಇಟ್ಟುಕೊಂಡರು. ಚರ್ಮವು ಕೆಂಪೇರುವಷ್ಟು ಕಿರಣವೇ ಒಂದು ಪೂರ್ಣಮಾತ್ರೆಯೆಂದು ಎಣಿಸುತ್ತಿದ್ದರು. ಆದರೆ ಆ ಕೆಂಪು ಒಬ್ಬರಲ್ಲಿ ತೋರಿದಂತೆ ಇನ್ನೊಬ್ಬರಲ್ಲಿ ತೋರದು; ತೋರುವುದಾದರೂ ಕೆಲವು ದಿನಗಳ ಮೇಲೆ. ಕಾರ್ಯವು ಕೈಮೀರಿದ ಮೇಲೆ ಸಾಕ್ಷಿಯು ಬಂದು ನುಡಿದಂತಾಯಿತು. ವಿಯೆನ್ನಾದ ಹೋಲ್ಟ್ಸ್‌ಕ್ನೆಕ್ಟ್ ಎಂಬ ವೈದ್ಯನು 1902ರಲ್ಲಿ, ಕಿರಣವು ತಗುಲಿದಾಗ ಬಣ್ಣ ಬದಲಾಯಿಸುವ ಲವಣದ ಬಿಲ್ಲೆಗಳಿಂದ ಮಾತ್ರೆಯನ್ನು ಅಳೆಯುವ ಸಾಧನವನ್ನು ರಚಿಸಿದನು. ಇದು ಮೊದಲಿನದಕ್ಕಿಂತ ಮೇಲಾದರೂ ಬಣ್ಣವನ್ನು ನೋಡುವ ಕಣ್ಣಿನ ಸಾಮರ್ಥ್ಯವನ್ನೇ ನಂಬಬೇಕಾಗಿತ್ತು. ಪರರ ರಕ್ಷಣೆಗಾಗಿ ಅಳತೆಯನ್ನು ಹುಡುಕಿದ ಈ ಮಹನೀಯನೇ ಕಿರಣಗಳಿಂದಾದ ವ್ರಣದಿಂದ 1931ರಲ್ಲಿ ಮೃತನಾದನು. ಅವನಿಗೂ ಮೊದಲು, 1904ರಲ್ಲಿಯೇ, ಅಮೆರಿಕದಲ್ಲಿ ಎಡಿಸನ್ನನ ಸಹಾಯಕನಾಗಿದ್ದ ಕ್ಲಾರೆನ್ಸ್ ಡಾಲಿಯು ಇದೇ ಗತಿಯನ್ನು ಹೊಂದಿದ್ದನು. 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಇಂಥವರ ನೆನಪಿಗಾಗಿ ಶಿಲಾಸ್ತಂಭವೊಂದನ್ನು ನಿಲ್ಲಿಸಿದಾಗ ಅದರಲ್ಲಿ ಹಲವು ದೇಶಗಳ 169 ಹೆಸರುಗಳಿದ್ದುವು. ತರುವಾಯ ಅದಕ್ಕೆ ಇನ್ನೂ ಅನೇಕ ಹೆಸರುಗಳು ಸೇರಿದವು.

ದಾರಿಯನ್ನು ತೋರಿದವರು ಭೌತವಿಜ್ಞಾನಿಗಳು. ಕಿರಣವು ಗಾಳಿಯ ಮೂಲಕ ಹಾದುಹೋಗುವಾಗ ಪರಮಾಣುಗಳಿಂದ ವಿದ್ಯುತ್ಕಣಗಳನ್ನು ಬೇರ್ಪಡಿಸುತ್ತದೆ. ಹೀಗೆ ಉಂಟಾದ ವಿದ್ಯುತ್ತನ್ನು ಅಳೆದರೆ ಕಿರಣವನ್ನೇ ಅಳೆದಂತಾಗುವುದೆಂದು ಫ್ರಾನ್ಸಿನ ವಿಲಾರ್ 1908ರಲ್ಲಿ ಸೂಚಿಸಿದನು. ಈ ಸೂಚನೆಯು ಸರ್ವಸಮ್ಮತವಾಗಲು ಇಪ್ಪತ್ತು ವರ್ಷಗಳಾದುವು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನವು ರಂಟ್ಜನ್ನನ ಹೆಸರಿನ ಮಾನವನ್ನು ಅಂಗೀಕರಿಸಿತು. ಒಂದು ರಂಟ್ಜನ್ ಎಂದರೆ ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಸುಮಾರು 200 ಕೋಟಿ ವಿದ್ಯುತ್ಕಣಗಳ ಜೋಡಿಗಳನ್ನು ಉಂಟುಮಾಡುವಷ್ಟು ಕಿರಣ. ಅಂದಿನಿಂದ ವಿಯೆನ್ನಾದ ವೈದ್ಯನು ಕೊಟ್ಟ ಮಾತ್ರೆಯು ಪ್ಯಾರಿಸ್ಸಿನ ವೈದ್ಯನಿಗೂ ಅರ್ಥವಾಗುವಂತಾಯಿತು. ಒಬ್ಬನ ಅನುಭವವು ಇನ್ನೊಬ್ಬನಿಗೆ ಶಾಸ್ತ್ರವಾಯಿತು.

ಆದರೂ ಇದು ಗಾಳಿಯ ಅಳತೆಯೇ ಹೊರತು ಶರೀರದ ಅಳತೆಯಲ್ಲ. ರೋಗಿಯ ಮಾಂಸವು ಹೀರಿಕೊಂಡ ಶಕ್ತಿಯೆಷ್ಟೆಂಬುದನ್ನು ತಿಳಿಯಬೇಕಾಗಿತ್ತು. ಇಂಗ್ಲೆಂಡಿನ ಗ್ರೇ ಎಂಬ ವಿಜ್ಞಾನಿಯು 1936ರಲ್ಲಿ, ವಸ್ತುವಿನೊಳಗೆ ಸಣ್ಣ ಗಾಳಿಯ ಪೊಳ್ಳನ್ನು ಇಟ್ಟು ಅಲ್ಲಿನ ವಿದ್ಯುತ್ತಿನಿಂದ ಸುತ್ತಲಿನ ವಸ್ತುವು ಹೀರಿದ ಶಕ್ತಿಯನ್ನು ಲೆಕ್ಕಹಾಕುವ ಕ್ರಮವನ್ನು ವಿಶದಪಡಿಸಿದನು. 1975ರಲ್ಲಿ ಅವನ ಹೆಸರನ್ನೇ ಮಾನಕ್ಕೆ ಇಟ್ಟರು. ಒಂದು ಕಿಲೋಗ್ರಾಂ ವಸ್ತುವು ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ. ಇಡಿಯ ದೇಹಕ್ಕೆ ಒಮ್ಮೆಗೇ 4 ಗ್ರೇ ತಗುಲಿದರೆ, ಆರೈಕೆಯಿಲ್ಲದವರಲ್ಲಿ ಸುಮಾರು ಅರ್ಧದಷ್ಟು ಜನರು ಸಾಯುವರು. ಆದರೆ ಅಷ್ಟು ಶಕ್ತಿಯಿಂದ ಮೈಯ ಶಾಖವು ಏರುವುದು ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು ಮಾತ್ರ! ಇಂದ್ರಿಯಗಳನ್ನು ನಂಬಿ ಈ ಔಷಧವನ್ನು ಕೊಡಲಾಗದೆಂಬುದಕ್ಕೆ ಬೇರೆ ನಿದರ್ಶನವು ಬೇಡ.

1951ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್ ಯಂತ್ರದ ಚಿಕಿತ್ಸೆಯು ಆರಂಭವಾಯಿತು. ಇದರ ಪ್ರಬಲವಾದ ಕಿರಣದ ಪೂರ್ಣಬಲವು ಚರ್ಮದ ಮೇಲೆ ಬೀಳದೆ ಅರ್ಧ ಸೆಂಟಿಮೀಟರ್ ಒಳಗೆ ಬೀಳುತ್ತದೆ. ಇದರಿಂದ ಚರ್ಮವು ಬಹುಮಟ್ಟಿಗೆ ಉಳಿಯಿತು, ಆಳದಲ್ಲಿರುವ ಅರ್ಬುದಕ್ಕೂ ಚಿಕಿತ್ಸೆ ಮುಟ್ಟಿತು. ಆದರೆ ತಪ್ಪಿದಾಗ ಕೆಂಪೇರಿ ಎಚ್ಚರಿಸುತ್ತಿದ್ದ ಹಳೆಯ ಸಾಕ್ಷಿಯ ಬಾಯಿಯೂ ಅಷ್ಟರಮಟ್ಟಿಗೆ ಕಟ್ಟಿತು. ಇನ್ನು ರೋಗಿಗೆ ದಿಕ್ಕು ಅಳತೆಗಾರನೊಬ್ಬನೇ.

ಅವನು ಎಚ್ಚರ ತಪ್ಪಿದರೆ ಏನಾಗುವುದೆಂಬುದನ್ನು ಅಮೆರಿಕದ ಒಹಾಯೊ ಸಂಸ್ಥಾನದ ಕೊಲಂಬಸ್ ನಗರವು ಕಂಡಿತು. ಕೋಬಾಲ್ಟಿನ ಬಲವು ಸುಮಾರು ಐದು ವರ್ಷ ಮೂರು ತಿಂಗಳಿಗೆ ಅರ್ಧವಾಗುತ್ತದೆ; ಬಲವು ಕುಂದಿದಂತೆ ಚಿಕಿತ್ಸೆಯ ಕಾಲವನ್ನು ಹೆಚ್ಚಿಸಬೇಕು. ಅಲ್ಲಿ 1974ರಿಂದ 1976ರ ವರೆಗೆ ಯಂತ್ರವನ್ನು ಪುನಃ ಅಳೆಯದೆ, ಕ್ಷಯದ ರೇಖೆಯನ್ನು ತಪ್ಪಾಗಿ ಎಳೆದ ಕಾಗದವೊಂದನ್ನೇ ನಂಬಿದರು. ಬಲವು ನಿಜಕ್ಕಿಂತ ಬೇಗ ಕುಂದುತ್ತಿದೆಯೆಂದು ಲೆಕ್ಕವು ಹೇಳಿತು. ಅದರಂತೆ ಕಾಲವನ್ನು ಬೆಳೆಸುತ್ತ ಹೋದರು. 426 ಮಂದಿ ರೋಗಿಗಳಿಗೆ ಮಿತಿಮೀರಿದ ಮಾತ್ರೆಯು ಬಿದ್ದಿತು. ಯಂತ್ರವು ಕೆಟ್ಟಿರಲಿಲ್ಲ, ಶಾಸ್ತ್ರವೂ ಸುಳ್ಳಾಗಿರಲಿಲ್ಲ. ಅಳೆಯಬೇಕಾದವರು ಅಳೆಯಲಿಲ್ಲ, ಅಷ್ಟೆ.

ಆದಕಾರಣ ಅಳೆಯುವ ವಿದ್ಯೆಯನ್ನು ಶಿಷ್ಯಪರಂಪರೆಯಿಂದ ಕಾಪಾಡಬೇಕಾಯಿತು. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು 1913ರಷ್ಟು ಹಿಂದೆಯೇ ಸಿಡ್ನಿ ರಸ್ ಎಂಬ ಭೌತವಿಜ್ಞಾನಿಯನ್ನು ನೇಮಿಸಿಕೊಂಡಿತ್ತು. ನಮ್ಮ ದೇಶದಲ್ಲಿ 1941ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು ತೆರೆಯಿತು. 1962ರಲ್ಲಿ ಅದೇ ನಗರದ ಪರಮಾಣುಶಕ್ತಿ ಸಂಶೋಧನ ಕೇಂದ್ರದಲ್ಲಿ ವೈದ್ಯಕೀಯ ಭೌತವಿಜ್ಞಾನಿಗಳಿಗೆ ಶಿಕ್ಷಣವು ಆರಂಭವಾಯಿತು. ಇಲ್ಲಿ ಕಲಿಯುವವರು ಸೂತ್ರಗಳನ್ನು ಬಾಯಿಪಾಠ ಮಾಡಿದರೆ ಸಾಲದು. ನೀರಿನ ತೊಟ್ಟಿಯನ್ನು ಶರೀರವೆಂದು ಭಾವಿಸಿ, ಅದರೊಳಗೆ ಅಳತೆಯ ಸಾಧನವನ್ನು ಇಳಿಸಿ, ಬೇರೆಬೇರೆ ಆಳಗಳಲ್ಲಿ ಕಿರಣದ ಬಲವನ್ನು ತಮ್ಮ ಕೈಯಿಂದಲೇ ಅಳೆಯಬೇಕು. ಗುರುಗಳು ಕೊಟ್ಟ ಅಂಕೆಯನ್ನೂ ಮತ್ತೆ ಅಳೆದೇ ನಂಬಬೇಕು.

ಅರ್ಬುದರೋಗಿಯ ಮನೆಯವರಿಗೆ ವೈದ್ಯನ ಮುಖದ ಪರಿಚಯವಿರುತ್ತದೆ. ಮಾತ್ರೆಯನ್ನು ಅಳೆದವನ ಹೆಸರೂ ಅನೇಕ ವೇಳೆ ತಿಳಿದಿರುವುದಿಲ್ಲ. ರೋಗಿಯು ಬರುವುದಕ್ಕೆ ಮೊದಲೇ, ಬರಿದಾದ ಕೋಣೆಯಲ್ಲಿ ನೀರಿನ ತೊಟ್ಟಿಯ ಮುಂದೆ ನಿಂತು ಅವನು ತನ್ನ ಕೆಲಸವನ್ನು ಮುಗಿಸಿರುತ್ತಾನೆ. ವಿಷವಾಗಬಹುದಾದ ಕಿರಣವು ಔಷಧವಾಗಿರುವುದು ಆ ಕೆಲಸದಿಂದಲೇ.