ಕವಿತೆಯೂ ಮನಸ್ಸಿನ ಆರೈಕೆಯೂ

ಮನಸ್ಸಿನ ಭಾರವನ್ನು ಹಾಡಿನಲ್ಲಿ ಇಳಿಸುವುದು ಮನುಷ್ಯನಿಗೆ ಹೊಸತಲ್ಲ. ಬೀಸುಕಲ್ಲಿನ ಮುಂದೆ ಕುಳಿತು ತವರನ್ನು ನೆನೆದು ಹಾಡಿದ ನಮ್ಮ ಹೆಣ್ಣುಮಕ್ಕಳು ಇದನ್ನು ಬಲ್ಲವರೇ. ಆದರೆ ವೈದ್ಯನೇ ರೋಗಿಗೆ ಕವಿತೆ ಬರೆಯಲು ಹೇಳಿದ ನಿದರ್ಶನಗಳು ವಿರಳ. ಅಂಥದೊಂದು ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ ನಡೆಯಿತು.

1914ರಲ್ಲಿ ಆರಂಭವಾದ ಆ ಯುದ್ಧದಲ್ಲಿ ಮೈಗೆ ಗಾಯವಾಗದ ಸೈನಿಕರೂ ಸಾವಿರಾರು ಸಂಖ್ಯೆಯಲ್ಲಿ ಕುಸಿದರು. ಕೈಕಾಲು ನಡುಗುವುದು, ಮಾತು ತೊದಲುವುದು, ರಾತ್ರಿ ಚೀರಿ ಏಳುವುದು ಇದರ ಲಕ್ಷಣಗಳು. ಇದನ್ನು 'ಶೆಲ್ ಶಾಕ್' ಎಂದು ಕರೆದರು. ಹೇಡಿತನವೆಂದು ಹೀಗಳೆದವರೂ ಇದ್ದರು. ಇಂಥ ಅಧಿಕಾರಿಗಳಿಗಾಗಿ 1916ರಲ್ಲಿ ಎಡಿನ್‌ಬರೋ ನಗರದ ಕ್ರೇಗ್‌ಲಾಕ್‌ಹಾರ್ಟ್ ಜಲಚಿಕಿತ್ಸಾಲಯವನ್ನು ಸೇನಾ ಆಸ್ಪತ್ರೆಯಾಗಿ ಮಾರ್ಪಡಿಸಲಾಯಿತು.

1917ರ ಜೂನ್‌ನಲ್ಲಿ ಅಲ್ಲಿಗೆ ಬಂದವರಲ್ಲಿ 24 ವರ್ಷದ ವಿಲ್ಫ್ರೆಡ್ ಓವೆನ್ ಒಬ್ಬ. ಶೆಲ್ ಸ್ಫೋಟಕ್ಕೆ ಸಿಕ್ಕಿ, ಸತ್ತ ಸಹೋದ್ಯೋಗಿಯ ಅವಶೇಷಗಳ ಬಳಿಯೇ ದಿನಗಳನ್ನು ಕಳೆದಿದ್ದವನು ಅವನು. ಅವನ ವೈದ್ಯ ಆರ್ಥರ್ ಬ್ರಾಕ್, ಕೆಲಸವೇ ಚಿಕಿತ್ಸೆ ಎಂದು ನಂಬಿದ್ದವರು. ಭೂಮಿಗೆ ಕಾಲು ತಾಗಿರುವವರೆಗೆ ಸೋಲದ, ಮೇಲೆತ್ತಿದೊಡನೆ ಬಲಗುಂದುವ ಆಂಟಿಯಸ್ ಎಂಬ ದೈತ್ಯನ ಕಥೆ ಗ್ರೀಕ್ ಪುರಾಣದಲ್ಲಿದೆ. ರೋಗಿಯೂ ತನ್ನ ನೆಲದಿಂದ ಹೀಗೆಯೇ ಬೇರ್ಪಟ್ಟವನು ಎಂಬುದು ಬ್ರಾಕ್ ಅವರ ವಿಚಾರ. ಆ ಕಥೆಯನ್ನೇ ಕವಿತೆಯಾಗಿಸುವಂತೆ ಅವರು ಓವೆನ್‌ಗೆ ಹೇಳಿದರು. ಓವೆನ್ ರೋಗಿಗಳ ಪತ್ರಿಕೆ 'ದಿ ಹೈಡ್ರಾ'ದ ಸಂಪಾದಕನಾದ. ಸ್ಥಳೀಯ ಶಾಲೆಯಲ್ಲಿ ಪಾಠವನ್ನೂ ಹೇಳಿದ.

ಅದೇ ಆಸ್ಪತ್ರೆಯಲ್ಲಿದ್ದ ಕವಿ ಸೀಗ್‌ಫ್ರೀಡ್ ಸಸೂನ್‌ನ ಪರಿಚಯ ಆಗಸ್ಟ್‌ನಲ್ಲಾಯಿತು. ಸಸೂನ್‌ನ ವೈದ್ಯರು ಡಬ್ಲ್ಯು. ಎಚ್. ಆರ್. ರಿವರ್ಸ್. ನಮ್ಮ ನೀಲಗಿರಿಯ ತೋಡರನ್ನು ಕುರಿತು 1906ರಲ್ಲಿ ಗ್ರಂಥ ಪ್ರಕಟಿಸಿದವರೂ ಇವರೇ. ಯುದ್ಧವನ್ನು ಮರೆತುಬಿಡಿ ಎಂಬುದು ಅಂದಿನ ಸಾಮಾನ್ಯ ಸಲಹೆ. ಬಲವಂತದ ಮರೆವು ರೋಗವನ್ನು ಹೆಚ್ಚಿಸುತ್ತದೆಂದು ರಿವರ್ಸ್ ವಾದಿಸಿದರು. ಕಂಡದ್ದನ್ನೇ ಬರೆ ಎಂದು ಸಸೂನ್ ಓವೆನ್‌ಗೆ ಹೇಳಿದ್ದೂ ಇದೇ ದಾರಿಯ ಮಾತು. ಅದುವರೆಗೆ ಕೀಟ್ಸ್‌ನ ನೆರಳಿನಲ್ಲಿದ್ದ ತರುಣ, ಆ ಶರತ್ಕಾಲದಲ್ಲಿ 'ಆಂಥೆಮ್ ಫಾರ್ ಡೂಮ್ಡ್ ಯೂತ್' ಬರೆದ. ಅದರ ಕರಡಿನಲ್ಲಿ ಸಸೂನ್‌ನ ಕೈಬರಹದ ತಿದ್ದುಪಡಿಗಳು ಇಂದಿಗೂ ಕಾಣುತ್ತವೆ.

ಇದರ ಫಲವೇನು? ಈಗ ಬೀಳುವ ಅಷ್ಟಿಷ್ಟು ಯುದ್ಧದ ಕನಸುಗಳನ್ನು ಸಂಜೆ ಬೇಕೆಂದೇ ಯುದ್ಧವನ್ನು ನೆನೆದು ತಾನೇ ತಂದುಕೊಳ್ಳುತ್ತೇನೆಂದು ಓವೆನ್ 1918ರ ಫೆಬ್ರವರಿಯಲ್ಲಿ ಪತ್ರವೊಂದರಲ್ಲಿ ತಿಳಿಸಿದ. ಕನಸು ಹೋಗಿರಲಿಲ್ಲ, ಆದರೆ ಯಜಮಾನ ಬದಲಾಗಿದ್ದ. ಕವಿತೆ ಮಾಡಿದ ಉಪಕಾರ ಇಷ್ಟೇ, ಇದು ಅಲ್ಪವೂ ಅಲ್ಲ.

ಆದರೆ ಸೇನಾ ಆಸ್ಪತ್ರೆಯಲ್ಲಿ ಗುಣವಾಗುವುದೆಂದರೆ ಮತ್ತೆ ಯುದ್ಧಕ್ಕೆ ಯೋಗ್ಯನಾಗುವುದು. ಓವೆನ್ ಫ್ರಾನ್ಸಿಗೆ ಮರಳಿದ; 1918ರ ನವೆಂಬರ್ 4ರಂದು ಮಡಿದ. ಕದನವಿರಾಮದ ದಿನವಾದ ನವೆಂಬರ್ 11ರಂದು ಸುದ್ದಿ ಮನೆ ತಲುಪಿತು. ಮಗ ಕೊನೆಯ ಸಲ ಬೀಳ್ಕೊಳ್ಳುವಾಗ 'ಗೀತಾಂಜಲಿ'ಯ ಸಾಲುಗಳನ್ನು ಹೇಳಿದ್ದನೆಂದು ತಾಯಿ 1920ರಲ್ಲಿ ರವೀಂದ್ರನಾಥ ಠಾಕೂರರಿಗೆ ಬರೆದರು.

ಮುಂದೆ 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಹೋದ್ಯೋಗಿಯ ಅಧ್ಯಯನವೊಂದು ಪ್ರಕಟವಾಯಿತು. ವಿದ್ಯಾರ್ಥಿಗಳು ತಮ್ಮ ಆಳವಾದ ನೋವಿನ ಬಗ್ಗೆ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಕವಿತೆಯಲ್ಲ, ಬರಿಯ ಗದ್ಯ. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ಘಟನೆಯ ಜೊತೆಗೆ ತಮ್ಮ ಭಾವನೆಗಳನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ.

ಓವೆನ್ ಒಂಟಿಯಾಗಿ ಬರೆಯಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಅವನ ಬಳಿ ವೈದ್ಯನಿದ್ದ, ಓದಿ ತಿದ್ದುವ ಗೆಳೆಯನಿದ್ದ, ದಿನ ತುಂಬುವ ಕೆಲಸವಿತ್ತು. ಕವಿತೆ ಔಷಧಿಗೆ ಬದಲಿಯಲ್ಲ. ಹೇಳಲಾಗದ್ದನ್ನು ಹೇಳಬಲ್ಲ ರೂಪಕ್ಕೆ ತಂದು, ಇನ್ನೊಬ್ಬರ ಕೈಗೆ ಕೊಡುವ ಧೈರ್ಯ ಅದು.