ಕುಲುಮೆಗೆ ಹೋದದ್ದೆಷ್ಟು, ಮೂಟೆಯಲ್ಲಿ ಉಳಿದದ್ದೆಷ್ಟು

1962ರ ನವೆಂಬರ್. ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ 1929ರಿಂದ ಮೊಹರು ಹಾಕಿ ಮುಚ್ಚಿಟ್ಟಿದ್ದ ಒಂದು ಉಗ್ರಾಣ ತೆರೆಯಿತು. ಕ್ರಿಸ್ಮಸ್ ಹತ್ತಿರವಾಗಿತ್ತು, ಉಡುಗೊರೆಗೆಂದು ಬೆಳ್ಳಿ ಡಾಲರ್ ಕೇಳುವವರು ಹೆಚ್ಚಾಗಿದ್ದರು. ಹೊರಬಂದ ಕ್ಯಾನ್ವಾಸ್ ಚೀಲಗಳಲ್ಲಿ ತಲಾ ಸಾವಿರ ನಾಣ್ಯ. ಕೆಲವು ಚೀಲಗಳನ್ನು ಬಿಚ್ಚಿದರೆ, 1903ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಅಚ್ಚಾದ, 'ಓ' ಗುರುತಿನ ಡಾಲರುಗಳು! ಚಲಾವಣೆ ಕಾಣದ ಆ ನಾಣ್ಯಕ್ಕೆ ಸಂಗ್ರಾಹಕರ ಕೈಪಿಡಿ ಬರೆದಿದ್ದ ಬೆಲೆ 1,500 ಡಾಲರ್. ಮಾರ್ಗನ್ ಸರಣಿಯಲ್ಲಿ ಅದಕ್ಕಿಂತ ದುರ್ಲಭವಾದದ್ದಿಲ್ಲ ಎಂದೇ ಎಲ್ಲರೂ ನಂಬಿದ್ದರು. ನೋಡನೋಡುತ್ತ ಬೆಲೆ ಮೂವತ್ತು ಡಾಲರಿನ ಆಸುಪಾಸಿಗೆ ಇಳಿಯಿತು. ಹಿಂದಿನ ತಿಂಗಳಷ್ಟೇ ದುಡ್ಡು ಸುರಿದು ಕೊಂಡವನು ತಲೆಯ ಮೇಲೆ ಕೈಹೊತ್ತು ಕೂತಿರಬೇಕು.

ಮಾರ್ಗನ್ ಡಾಲರುಗಳ ಪೂರ್ಣ ಸೆಟ್ಟು ಜೋಡಿಸುವ ಹವ್ಯಾಸದ ಚರಿತ್ರೆಯೆಂದರೆ ಹೆಚ್ಚುಕಡಿಮೆ ಇಂಥ ಚೀಲಗಳ ಚರಿತ್ರೆಯೇ. ಎಷ್ಟು ನಾಣ್ಯ ಅಚ್ಚಾಯಿತು ಎಂಬ ಅಂಕಿ ಇಲ್ಲಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಎಷ್ಟು ಕುಲುಮೆಗೆ ಹೋಯಿತು, ಎಷ್ಟು ಕತ್ತಲಲ್ಲಿ ಉಳಿಯಿತು ಎಂಬುದೇ ಬೆಲೆ ಕಟ್ಟಿದೆ.

ಈ ನಾಣ್ಯ ಹುಟ್ಟಿದ್ದು ಜನರಿಗೆ ಬೇಕಾಗಿ ಅಲ್ಲ, ಗಣಿ ಧಣಿಗಳಿಗೆ ಬೇಕಾಗಿ. 1859ರಲ್ಲಿ ನೆವಾಡದಲ್ಲಿ ಕಾಮ್‌ಸ್ಟಾಕ್ ಬೆಳ್ಳಿಯ ನಿಕ್ಷೇಪ ಸಿಕ್ಕಿ ಬೆಳ್ಳಿ ಹರಿದುಬಂತು. 1873ರ ಕಾಯ್ದೆ ಬೆಳ್ಳಿ ಡಾಲರನ್ನೇ ಪಟ್ಟಿಯಿಂದ ಕೈಬಿಟ್ಟಾಗ ಪಶ್ಚಿಮದವರು ಅದನ್ನು 'ಎಪ್ಪತ್ಮೂರರ ಅಪರಾಧ' ಎಂದು ಕರೆದರು. ಅಧ್ಯಕ್ಷ ಹೇಯ್ಸ್ ತಡೆದರೂ ಸಂಸತ್ತು 1878ರಲ್ಲಿ ಬ್ಲಾಂಡ್-ಆಲಿಸನ್ ಕಾಯ್ದೆ ಮಾಡಿತು: ಸರ್ಕಾರ ತಿಂಗಳಿಗೆ ಕನಿಷ್ಠ 20 ಲಕ್ಷ ಡಾಲರ್ ಮೌಲ್ಯದ ಬೆಳ್ಳಿ ಕೊಂಡು ನಾಣ್ಯ ಮಾಡಲೇಬೇಕು. ಇಂಗ್ಲೆಂಡಿನಿಂದ ಬಂದಿದ್ದ ಜಾರ್ಜ್ ಟಿ. ಮಾರ್ಗನ್ ಅಚ್ಚು ಕೊರೆದ. ಸ್ವಾತಂತ್ರ್ಯದೇವಿಯ ಮುಖಕ್ಕೆ ರೂಪದರ್ಶಿಯಾದವಳು ಫಿಲಡೆಲ್ಫಿಯಾದ ಶಾಲಾ ಶಿಕ್ಷಕಿ ಆನಾ ವಿಲಿಯಮ್ಸ್. ತೂಕ 26.73 ಗ್ರಾಂ, ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ಜೇಬಿಗೆ ಭಾರ. ಪೂರ್ವದ ನಗರಗಳಲ್ಲಿ ಯಾರೂ ಅದನ್ನು ಹೊತ್ತು ತಿರುಗಲಿಲ್ಲ. ಅದರ ಹೆಸರಿನಲ್ಲಿ ಕಾಗದದ ಸರ್ಟಿಫಿಕೇಟ್ ಓಡಾಡಿದವು, ನಾಣ್ಯ ಮಾತ್ರ ಚೀಲದಲ್ಲಿ ಮಲಗಿತು. 1878ರಿಂದ 1904ರವರೆಗೆ, ಆಮೇಲೆ 1921ರಲ್ಲಿ ಒಂದು ವರ್ಷ, ಒಟ್ಟು 65 ಕೋಟಿ ಮೀರಿ ಅಚ್ಚಾದವು.

ಆ ಕಾಲದ ಸಂಗ್ರಾಹಕರು ಇವನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಶ್ರೀಮಂತರು ವರ್ಷಕ್ಕೊಂದರಂತೆ ಫಿಲಡೆಲ್ಫಿಯಾದ ಹೊಳೆಯುವ ಪ್ರೂಫ್ ನಾಣ್ಯ ತರಿಸಿಕೊಂಡರೆ ಅಲ್ಲಿಗೆ ಮುಗಿಯಿತು. ಸ್ಯಾನ್ ಫ್ರಾನ್ಸಿಸ್ಕೋದ 'ಎಸ್', ಕಾರ್ಸನ್ ಸಿಟಿಯ 'ಸಿಸಿ', ನ್ಯೂ ಆರ್ಲಿಯನ್ಸಿನ 'ಓ' ಎಂದು ಹಿಮ್ಮುಖದಲ್ಲಿರುವ ಪುಟ್ಟ ಅಕ್ಷರಗಳನ್ನು ಯಾರು ಬಗ್ಗಿ ನೋಡಬೇಕು? ನೋಡಿ ಎಂದು ಮೊದಲು ಗಟ್ಟಿಯಾಗಿ ಹೇಳಿದವನು ಆಗಸ್ಟಸ್ ಹೀಟನ್ ಎಂಬ ಚಿತ್ರಕಾರ. ಶಾಖಾ ಟಂಕಸಾಲೆಗಳ ನಾಣ್ಯಗಳ ಕುರಿತ ಅವನ ಪುಸ್ತಿಕೆ ಬಂದದ್ದು 1893ರಲ್ಲಿ. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ ಬರೀ 1,00,000 ಡಾಲರ್ ಅಚ್ಚು ಮಾಡಿ ಕೈತೊಳೆದುಕೊಂಡಿತು. ಹೀಟನ್ನನ ಮಾತು ಕೇಳಿ ಆ ವರ್ಷವೇ ಒಂದಷ್ಟು ನಾಣ್ಯ ಎತ್ತಿಟ್ಟವನಿದ್ದಿದ್ದರೆ ಅವನ ಮೊಮ್ಮಕ್ಕಳು ಮೊಸರಲ್ಲಿ ಕೈತೊಳೆಯುತ್ತಿದ್ದರು.

ಇನ್ನು ಕುಲುಮೆಯ ಕಥೆ. ಇದರಲ್ಲಿ ನಮಗೂ ಪಾಲಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಭಾರತದಿಂದ ಸರಕು ಕೊಂಡಿತು, ಸೈನಿಕರನ್ನು ಪಡೆಯಿತು. ಎಲ್ಲದಕ್ಕೂ ರೂಪಾಯಿ ತೆರಬೇಕಿತ್ತು. ನೋಟನ್ನು ನಂಬದ ಜನ ಬೆಳ್ಳಿ ರೂಪಾಯಿಯನ್ನು ಮನೆಯೊಳಗೆ ಇಟ್ಟುಕೊಂಡರು. 1917ರ ಕೊನೆಗೆ ಸರ್ಕಾರ ಒಂದು ರೂಪಾಯಿಯ ನೋಟನ್ನೇ ಹೊರಡಿಸಿತು, ಆದರೂ ನೋಟು ತಂದು ಬೆಳ್ಳಿ ಕೇಳುವವರು ಕಡಿಮೆಯಾಗಲಿಲ್ಲ. ಲಂಡನ್ ವಾಷಿಂಗ್ಟನ್ನಿನ ಬಾಗಿಲು ತಟ್ಟಿತು. 1918ರ ಏಪ್ರಿಲಿನಲ್ಲಿ ಬಂದ ಪಿಟ್‌ಮನ್ ಕಾಯ್ದೆಯಡಿ 27,02,32,722 ಬೆಳ್ಳಿ ಡಾಲರುಗಳನ್ನು ಕರಗಿಸಲಾಯಿತು. ಅವುಗಳಲ್ಲಿ ಸುಮಾರು 25.9 ಕೋಟಿ ಡಾಲರುಗಳ ಬೆಳ್ಳಿ ಭಾರತದ ರೂಪಾಯಿಗೆಂದು ಬ್ರಿಟನ್ನಿಗೆ ಮಾರಾಟವಾಯಿತು. ಲೆಕ್ಕ ಹಾಕಿದರೆ ಒಂದು ಡಾಲರಿನ ಬೆಳ್ಳಿಗೆ ಎರಡೂಕಾಲು ರೂಪಾಯಿ. ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಅಜ್ಜಿಯ ಕಾಲದಿಂದ ಕುಳಿತಿರುವ, ಐದನೇ ಜಾರ್ಜನ ತಲೆಯ 1918ರ ರೂಪಾಯಿಯೊಳಗೆ ನೆವಾಡದ ಬೆಳ್ಳಿ ಇದ್ದರೂ ಇರಬಹುದು.

ಸಂಗ್ರಾಹಕನ ತೊಂದರೆ ಕರಗಿದ ಸಂಖ್ಯೆಯದ್ದಲ್ಲ. ಯಾವ ಇಸವಿ, ಯಾವ ಟಂಕಸಾಲೆ ಎಂದು ಯಾರೂ ಬರೆದಿಡಲಿಲ್ಲ. ಚೀಲ ಎಣಿಸಿ ಕುಲುಮೆಗೆ ಸುರಿದರು. 1904ರವರೆಗೆ ಅಚ್ಚಾದದ್ದರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಹೀಗೆ ಲೆಕ್ಕಕ್ಕೆ ಸಿಗದೆ ಹೋಯಿತು. ಕಾಯ್ದೆ ಕರಗಿಸಿದಷ್ಟನ್ನೇ ಮತ್ತೆ ಅಚ್ಚು ಮಾಡಬೇಕೆಂದೂ ಹೇಳಿತ್ತು. ಹಳೆಯ ಅಚ್ಚುಗಳು ಆಗಲೇ ನಾಶವಾಗಿದ್ದರಿಂದ 1921ರಲ್ಲಿ ಹೊಸದಾಗಿ ಕೊರೆದು ಮಾರ್ಗನ್ ಡಾಲರನ್ನು ಪುನಃ ತಂದರು. ಅದರ ಉಬ್ಬು ತೆಳು. ಹಳೆಯದರ ಪಕ್ಕದಲ್ಲಿಟ್ಟರೆ ಬಡಕಲು ತಮ್ಮನಂತೆ ಕಾಣುತ್ತದೆ. ಅದೇ ವರ್ಷದ ಕೊನೆಗೆ ಆಂಟನಿ ಡಿ ಫ್ರಾನ್ಸಿಸ್ಕಿಯ 'ಪೀಸ್' ಡಾಲರ್ ಶುರುವಾಗಿ 1935ರವರೆಗೆ ನಡೆಯಿತು. 24 ನಾಣ್ಯಗಳ ಆ ಸೆಟ್ಟು ಹೊಸಬರಿಗೆ ಒಳ್ಳೆಯ ಪಾಠಶಾಲೆ. ನೂರರ ಹತ್ತಿರದ ಮಾರ್ಗನ್ ಸೆಟ್ಟು ಬೇರೆಯೇ ಪರೀಕ್ಷೆ.

ಜನಸಾಮಾನ್ಯರಿಗೆ ಸೆಟ್ಟಿನ ಹುಚ್ಚು ಹತ್ತಿಸಿದ್ದು 1930ರ ದಶಕದ ರಟ್ಟಿನ ಹಲಗೆಗಳು ಮತ್ತು ಆಲ್ಬಮ್ಮುಗಳು. ಇಸವಿ ಮುದ್ರಿಸಿದ ದುಂಡನೆಯ ಕುಳಿಗಳು, ಒಂದೊಂದೂ ತುಂಬಬೇಕು. ಖಾಲಿ ಕುಳಿ ಕಂಡರೆ ನಿದ್ದೆ ಬಾರದವರ ಕುಲ ಹುಟ್ಟಿದ್ದು ಆಗಲೇ. 1946ರಿಂದ ಆರ್.ಎಸ್. ಯೋಮನ್ ಸಂಪಾದಿಸಿದ ಕೆಂಪು ರಟ್ಟಿನ ಬೆಲೆಪಟ್ಟಿ ಬಂದು, ಸಂಗ್ರಹಕ್ಕೊಂದು ಪಂಚಾಂಗ ಸಿಕ್ಕಂತಾಯಿತು. 1962ರಲ್ಲಿ ಸುಳ್ಳಾದದ್ದು ಆ ಪಂಚಾಂಗವೇ.

ಉಗ್ರಾಣ ತೆರೆದ ಸುದ್ದಿ ಹಬ್ಬಿದ ಮೇಲೆ ಜನ ಸುಮ್ಮನಿರಲಿಲ್ಲ. 1964ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನ ಖಜಾನೆ ಕಚೇರಿಯ ಮುಂದೆ ಸರ್ಟಿಫಿಕೇಟ್ ಹಿಡಿದವರ ಸಾಲು. ಮುಖಬೆಲೆ ಕೊಟ್ಟು ಚೀಲಗಟ್ಟಲೆ ಹೊತ್ತೊಯ್ದರು. ಆ ತಿಂಗಳ ಕೊನೆಯ ವಾರ ಸರ್ಕಾರ ಕೊಡುವುದನ್ನೇ ನಿಲ್ಲಿಸಿತು. ಉಳಿದದ್ದು 30 ಲಕ್ಷಕ್ಕೆ ತುಸು ಕಡಿಮೆ ನಾಣ್ಯ, ಬಹುಪಾಲು ಕಾರ್ಸನ್ ಸಿಟಿಯವು. ಜಿಎಸ್‌ಎ ಎಂಬ ಸರ್ಕಾರಿ ಇಲಾಖೆ 1972ರಿಂದ 1980ರ ನಡುವೆ ಅವನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿಟ್ಟು ಅಂಚೆ ಮೂಲಕ ಮಾರಿತು. ಎಣಿಕೆ ಹೊರಬಿದ್ದಾಗ ಹಳೆಯ ನಂಬಿಕೆಗಳು ಮತ್ತೊಮ್ಮೆ ತಲೆಕೆಳಗಾದವು. 1884ರ 'ಸಿಸಿ' ಡಾಲರ್ ಅಚ್ಚಾದದ್ದು 11,36,000. ಅದರಲ್ಲಿ 9,60,000ಕ್ಕೂ ಹೆಚ್ಚು ಸರ್ಕಾರದ ಬಳಿಯೇ ಹೊಚ್ಚಹೊಸದಾಗಿ ಕುಳಿತಿದ್ದವು. ಐದು ವರ್ಷ ಆಚೆಯ 1889ರ 'ಸಿಸಿ'ಯದ್ದು ಆ ರಾಶಿಯಲ್ಲಿ ಸಿಕ್ಕಿದ್ದು ಒಂದೇ ಒಂದು. ಇಂದಿಗೂ ಮೊದಲನೆಯದು ಸುಲಭ, ಎರಡನೆಯದು ಬೆವರಿಳಿಸುತ್ತದೆ.

ಖಾಸಗಿ ರಾಶಿಗಳೂ ಇದ್ದವು. ನೆವಾಡದ ರೀನೋದಲ್ಲಿ ಬ್ಯಾಂಕನ್ನೂ ಸರ್ಕಾರವನ್ನೂ ನಂಬದ ಲಾವೀರ್ ರೆಡ್‌ಫೀಲ್ಡ್ 1974ರಲ್ಲಿ ತೀರಿಕೊಂಡಾಗ ಅವನ ಮನೆಯ ನೆಲಮಾಳಿಗೆಯಲ್ಲಿ ಸಿಕ್ಕಿದ್ದು 4,00,000 ಮೀರಿದ ಬೆಳ್ಳಿ ಡಾಲರ್. 1976ರಲ್ಲಿ ನ್ಯಾಯಾಲಯದ ಹರಾಜಿನಲ್ಲಿ ಅದಕ್ಕೆ ಬಂದದ್ದು 73 ಲಕ್ಷ ಡಾಲರ್. 1980ರ ಜನವರಿಯಲ್ಲಿ ಹಂಟ್ ಸಹೋದರರ ಸಟ್ಟಾದಿಂದ ಬೆಳ್ಳಿ ಔನ್ಸಿಗೆ ಐವತ್ತು ಡಾಲರಿನ ಹತ್ತಿರ ಏರಿದಾಗ ಸವಕಲು ಡಾಲರುಗಳು ಮತ್ತೆ ಕುಲುಮೆ ಸೇರಿದವು. ಎಷ್ಟು ಎಂಬುದಕ್ಕೆ ಈ ಸಲವೂ ದಾಖಲೆಯಿಲ್ಲ.

ಚೀಲಗಳು ಬರಿದಾದಂತೆ ಹವ್ಯಾಸ ಒಳಮುಖವಾಯಿತು. ಲಿರಾಯ್ ವ್ಯಾನ್ ಆಲನ್ ಮತ್ತು ಎ. ಜಾರ್ಜ್ ಮ್ಯಾಲಿಸ್ ಒಂದೊಂದು ಅಚ್ಚಿನ ಗೀರು, ಜೋಡಿಗೆರೆಗಳನ್ನು ಭೂತಗನ್ನಡಿಯಲ್ಲಿ ನೋಡಿ ಸಂಖ್ಯೆ ಕೊಟ್ಟರು. ಇಬ್ಬರ ಹೆಸರಿನ ಅಕ್ಷರಗಳಿಂದ 'ವ್ಯಾಮ್' ಸಂಖ್ಯೆ ಬಂತು. 1888ರ ನ್ಯೂ ಆರ್ಲಿಯನ್ಸ್ ಡಾಲರುಗಳಲ್ಲಿ ಒಂದು ಬಗೆಗೆ ದೇವಿಯ ತುಟಿ ಎರಡೆರಡಾಗಿ ಮೂಡಿದೆ. ಅಭಿಮಾನಿಗಳು ಅದಕ್ಕೆ 'ಹಾಟ್ ಲಿಪ್ಸ್' ಎಂದೇ ಹೆಸರಿಟ್ಟಿದ್ದಾರೆ. ಹೀಗೆ ಹುಡುಕುತ್ತ ಹೋದರೆ ಸೆಟ್ಟು ನೂರಲ್ಲ, ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ. ಸಂಸಾರಸ್ಥರು ಇತ್ತ ಕಾಲಿಡದಿರುವುದೇ ವಾಸಿ.

1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಸಂಸ್ಥೆಗಳು ಬಂದು ನಾಣ್ಯ ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚತೊಡಗಿದವು. ಅಲ್ಲಿಂದ ಆಟದ ನಿಯಮವೇ ಬದಲಾಯಿತು. 'ಇದೆಯೇ' ಎಂಬ ಪ್ರಶ್ನೆ ಹೋಗಿ 'ಎಷ್ಟು ಅಂಕದ್ದು' ಎಂಬುದು ಬಂತು. 1884ರ 'ಎಸ್' ಡಾಲರ್ ಇದಕ್ಕೆ ಒಳ್ಳೆಯ ಉದಾಹರಣೆ: 32 ಲಕ್ಷ ಅಚ್ಚಾದದ್ದರಿಂದ ಸವಕಲು ಪ್ರತಿ ಸಾಧಾರಣ ಸಂಬಳದವನಿಗೂ ಎಟುಕುತ್ತದೆ, ಚಲಾವಣೆ ಕಾಣದ ಚೆಂದದ ಪ್ರತಿಗೆ ಮನೆ ಮಾರಬೇಕು. 1893ರ 'ಎಸ್' ಡಾಲರಿನ 67 ಅಂಕದ ಒಂದು ಪ್ರತಿ 2021ರಲ್ಲಿ 20 ಲಕ್ಷ ಡಾಲರ್ ದಾಟಿತು.

ಇಷ್ಟು ಹಣ ಓಡಾಡುವಲ್ಲಿ ಖೋಟಾ ಬಾರದೆ ಇದ್ದೀತೆ? 1893ರ ಫಿಲಡೆಲ್ಫಿಯಾ ನಾಣ್ಯಕ್ಕೆ ಒಂದು 'ಎಸ್' ಅಂಟಿಸುವುದು ಹಳೆಯ ಕಸುಬು. ಅದನ್ನು ಹಿಡಿಯುವ ಉಪಾಯ ಮುಮ್ಮುಖದಲ್ಲಿದೆ. ಅಸಲಿ 1893-ಎಸ್ ಡಾಲರುಗಳೆಲ್ಲ ಒಂದೇ ಮುಮ್ಮುಖದ ಅಚ್ಚಿನಿಂದ ಬಂದವು. 'ಲಿಬರ್ಟಿ' ಪದದ ಟಿ ಅಕ್ಷರದ ತಲೆಯಲ್ಲಿ ಕೂದಲೆಳೆಯಂಥ ಓರೆಗೀರೊಂದು ಉಬ್ಬಿರುತ್ತದೆ. ಮೋಸಗಾರ ಎಸ್ ಅಂಟಿಸಿಯಾನು, ಆ ಗೀರನ್ನು ಎಲ್ಲಿಂದ ತಂದಾನು?

2021ರಲ್ಲಿ ಅಮೆರಿಕದ ಟಂಕಸಾಲೆ ನೂರು ವರ್ಷದ ನೆನಪಿಗೆ ಮಾರ್ಗನ್ ಡಾಲರನ್ನು ಮತ್ತೆ ತಂದಿತು. ಈ ಸಲ 99.9 ಶುದ್ಧ ಬೆಳ್ಳಿಯಲ್ಲಿ. ಮುಚ್ಚಿಹೋದ ಕಾರ್ಸನ್ ಸಿಟಿ, ನ್ಯೂ ಆರ್ಲಿಯನ್ಸ್ ಟಂಕಸಾಲೆಗಳ ನೆನಪಿಗೆ 'ಸಿಸಿ', 'ಓ' ಗುರುತೂ ಇತ್ತು. ಹಳೆಯ ಸೆಟ್ಟಿಗೆ ಇವನ್ನು ಸೇರಿಸುವವರಿದ್ದಾರೆ, ಮೂಗು ಮುರಿಯುವವರೂ ಇದ್ದಾರೆ. ಸಾಲಿನ ನಡುವೆ ಇರುವ 1895ರ ಫಿಲಡೆಲ್ಫಿಯಾ ಡಾಲರಿನ ವಿಷಯದಲ್ಲಿ ಮಾತ್ರ ಇಬ್ಬರ ಪಾಡೂ ಒಂದೇ. ಟಂಕಸಾಲೆಯ ಪುಸ್ತಕದಲ್ಲಿ ಆ ವರ್ಷ 12,000 ಚಲಾವಣೆ ನಾಣ್ಯ ಅಚ್ಚಾದವೆಂದು ಬರೆದಿದೆ, ಪಕ್ಕದಲ್ಲಿ 880 ಪ್ರೂಫ್. ಪ್ರೂಫ್ ನಾಣ್ಯಗಳು ಹರಾಜಿನಿಂದ ಹರಾಜಿಗೆ ಓಡಾಡುತ್ತಿವೆ. ಆ 12,000ದಲ್ಲಿ ಒಂದನ್ನೂ ಇದುವರೆಗೆ ಯಾರೂ ಕಂಡಿಲ್ಲ.